ಧೂಳಿನ ಮರೆಯ ಬೆಳಕು: ಕಾರ್ಲ್ ಸೀಫರ್ಟ್

ಮಕ್ಕಳೇ, ಕೋಟಿ ಕೋಟಿ ನಕ್ಷತ್ರಗಳ ದೊಡ್ಡ ಸಮೂಹವೇ ಗೆಲಾಕ್ಸಿ ಎಂದು ನಿಮಗೆ ಗೊತ್ತು. ಕೆಲವು ಗೆಲಾಕ್ಸಿಗಳ ನಡುಭಾಗ ವಿಪರೀತ ಪ್ರಕಾಶಮಾನವಾಗಿರುತ್ತದೆ. ಏಕೆ? ಈ ಹುಡುಕಾಟಕ್ಕೆ ದಾರಿ ತೋರಿದವರು ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೀಫರ್ಟ್.

ಸೀಫರ್ಟ್ 1911ರ ಫೆಬ್ರವರಿ 11ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನಿಸಿದರು. ವೈದ್ಯರಾಗಬೇಕೆಂದು ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ ಅವರನ್ನು ಬಾರ್ಟ್ ಬಾಕ್ ಎಂಬ ಅಧ್ಯಾಪಕರ ಪಾಠಗಳು ಆಕಾಶದತ್ತ ಸೆಳೆದವು. 1936ರಲ್ಲಿ ಪಿಎಚ್.ಡಿ. ಪಡೆದರು. 1940ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ಹೋದರು.

ಅಲ್ಲಿ ಅವರು ಆರು ಗೆಲಾಕ್ಸಿಗಳ ಕೇಂದ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ಹೀಗೆ ಬಿಡಿಸಿದ ಬೆಳಕೇ ರೋಹಿತ. ಬಿಸಿ ಅನಿಲವು ರೋಹಿತದಲ್ಲಿ ಹೊಳೆಯುವ ಗೆರೆಗಳನ್ನು ಮೂಡಿಸುತ್ತದೆ. ಅನಿಲ ನಮ್ಮತ್ತ ಬರುತ್ತಿದ್ದರೆ ಗೆರೆ ನೀಲಿಯತ್ತ, ದೂರ ಸರಿಯುತ್ತಿದ್ದರೆ ಕೆಂಪಿನತ್ತ ಜರುಗುತ್ತದೆ. ಎರಡೂ ಒಟ್ಟಿಗೆ ನಡೆದರೆ ಗೆರೆ ಅಗಲವಾಗುತ್ತದೆ. ಸೀಫರ್ಟ್ ಕಂಡ ಗೆರೆಗಳು ಬಹಳ ಅಗಲವಾಗಿದ್ದವು. ಎಂದರೆ, ಅಲ್ಲಿನ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿತ್ತು! 1943ರಲ್ಲಿ ಅವರು ಇದನ್ನು ಪ್ರಕಟಿಸಿದರು.

1946ರಲ್ಲಿ ಅವರು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿದ್ದುದು ಆರು ಇಂಚಿನ ಪುಟ್ಟ ದೂರದರ್ಶಕ. ಸೀಫರ್ಟ್ ಕೈಕಟ್ಟಿ ಕೂರಲಿಲ್ಲ. ಊರಿನವರಿಂದ ನೆರವು ಕೂಡಿಸಿ 1953ರಲ್ಲಿ 24 ಇಂಚಿನ ದೂರದರ್ಶಕವಿರುವ ಹೊಸ ವೀಕ್ಷಣಾಲಯವನ್ನೇ ಕಟ್ಟಿಸಿದರು. 1960ರ ಜೂನ್ 13ರಂದು ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 49 ವರ್ಷ.

ಮುಂದೆ ಹೊಸ ಒಗಟೊಂದು ಎದುರಾಯಿತು. ಕೆಲವು ಸೀಫರ್ಟ್ ಗೆಲಾಕ್ಸಿಗಳಲ್ಲಿ ಅತಿ ಅಗಲದ ಗೆರೆಗಳೇ ಕಾಣುತ್ತಿರಲಿಲ್ಲ. ಸೀಫರ್ಟ್ ಅವರೇ ಅಭ್ಯಸಿಸಿದ್ದ ಎಂ-77 ಕೂಡ ಅಂಥದ್ದು. ಹಾಗಾದರೆ ವೇಗದ ಅನಿಲ ಅಲ್ಲಿಲ್ಲವೇ?

ಇದೆ! ಇಂಥ ಗೆಲಾಕ್ಸಿಯ ಕೇಂದ್ರದಲ್ಲಿ ಭಾರಿ ಕಪ್ಪುಕುಳಿ ಇರುತ್ತದೆ. ಅದರತ್ತ ಬೀಳುವ ಅನಿಲ ಕಾದು ಬೆಳಗುತ್ತದೆ. ಸುತ್ತಲೂ ಉದ್ದಿನವಡೆಯ ಆಕಾರದಲ್ಲಿ ದಟ್ಟ ಧೂಳು ಕವಿದಿರುತ್ತದೆ. ವಡೆಯನ್ನು ಮೇಲಿನಿಂದ ನೋಡಿದರೆ ತೂತು ಕಾಣುತ್ತದೆ, ಪಕ್ಕದಿಂದ ನೋಡಿದರೆ ಕಾಣದು. ಹಾಗೆಯೇ ಪಕ್ಕದಿಂದ ನೋಡುವ ನಮಗೆ ಧೂಳು ಅಡ್ಡ ಬಂದು ಕೇಂದ್ರದ ಬೆಳಕು ತಲುಪುವುದಿಲ್ಲ. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ಎಂ-77ರಲ್ಲಿ ಧೂಳಿನ ಮೇಲುಭಾಗದ ಅನಿಲಕ್ಕೆ ತಾಗಿ ಚದುರಿ ಬಂದ ಬೆಳಕನ್ನು ಬೇರ್ಪಡಿಸಿದರು. ಅದರಲ್ಲಿ ಆ ಅಗಲದ ಗೆರೆಗಳು ಸಿಕ್ಕವು!

ಇಂದು ಧೂಳನ್ನು ತೂರಿ ಬರಬಲ್ಲ ಕ್ಷ-ಕಿರಣ, ಕಾದ ಧೂಳು ಸೂಸುವ ಅವಕೆಂಪು ಕಿರಣಗಳ ಮೂಲಕವೂ ಇಂಥ ಕೇಂದ್ರಗಳನ್ನು ಪತ್ತೆ ಹಚ್ಚುತ್ತಾರೆ.

ಕಣ್ಣಿಗೆ ಕಾಣಲಿಲ್ಲ ಎಂದಮಾತ್ರಕ್ಕೆ ಇಲ್ಲ ಎನ್ನಲಾಗದು, ಅಲ್ಲವೇ? ಮನೆಯಲ್ಲಿ ಉದ್ದಿನವಡೆ ಮಾಡಿದಾಗ, ತಿನ್ನುವ ಮೊದಲು ಒಮ್ಮೆ ತಿರುಗಿಸಿ ನೋಡಿ.