ಮಿಡತೆಗೊಂದು ಮನೆ: ಮ್ಯಾಕ್ಸ್ ಫ್ಲೈಷರನ ಬಾಳು

ಮಕ್ಕಳಿಗೆಂದು ಹುಟ್ಟಿದ ಕೆಲವು ಕೃತಿಗಳು, ಬೆಳೆದವರ ಕಣ್ಣಿಗೆ ತಡವಾಗಿ ಬಿದ್ದಾಗಲೇ ತಮ್ಮ ಅಂತರಂಗವನ್ನು ತೆರೆದು ತೋರುತ್ತವೆ. 1941ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ‘ಮಿಸ್ಟರ್ ಬಗ್ ಗೋಸ್ ಟು ಟೌನ್’ ಎಂಬ ಕಾರ್ಟೂನು ಸಂಗೀತಚಿತ್ರ ಅಂಥದು. ಹುಳುಹುಪ್ಪಟೆಗಳ ಹಾಡು ಕುಣಿತಗಳಿಂದ ತುಂಬಿದ ಈ ವಿಚಿತ್ರ ಮೋಹಕ ಕಥೆಯನ್ನು ವಯಸ್ಸಾದ ಮೇಲೆ ಮೊದಲ ಸಲ ನೋಡುವವನಿಗೆ, ನಗೆಯ ಹಿಂದೆ ನೆಲೆ ತಪ್ಪಿದವರ ಅಳಲು ಕೇಳಿಸದಿರದು. ಅದನ್ನು ನಿರ್ಮಿಸಿದ ಮ್ಯಾಕ್ಸ್ ಫ್ಲೈಷರನ ಜೀವನವನ್ನು ಬಲ್ಲವನಿಗಂತೂ ಆ ದನಿ ಇನ್ನಷ್ಟು ಸ್ಪಷ್ಟ.

ಫ್ಲೈಷರನು ಹುಟ್ಟಿದ್ದು 1883ರಲ್ಲಿ, ಪೋಲೆಂಡಿನ ಕ್ರಾಕೋ ನಗರದ ಯೆಹೂದಿ ಮನೆತನವೊಂದರಲ್ಲಿ. ತಂದೆ ಬಟ್ಟೆ ಹೊಲಿಯುವ ಕಸುಬಿನವನು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ಸಂಸಾರ ಕಡಲು ದಾಟಿ ನ್ಯೂಯಾರ್ಕನ್ನು ಸೇರಿತು. ಪತ್ರಿಕಾಲಯದಲ್ಲಿ ಚಿತ್ರಗಾರನಾಗಿ, ಬಳಿಕ ವಿಜ್ಞಾನ ಮಾಸಿಕವೊಂದರ ಕಲಾಸಂಪಾದಕನಾಗಿ ದುಡಿದ ಈತನಲ್ಲಿ ಕುಂಚದಷ್ಟೇ ಯಂತ್ರಕ್ಕೂ ಒಲವಿತ್ತು. ಮನುಷ್ಯನ ಚಲನೆಯನ್ನು ಚಿತ್ರೀಕರಿಸಿ, ಆ ಬಿಂಬಗಳನ್ನು ಒಂದೊಂದಾಗಿ ಗಾಜಿನ ಮೇಲೆ ಮೂಡಿಸಿ, ಅವುಗಳ ಮೇಲೆಯೇ ಗೆರೆ ಎಳೆಯುವ ‘ರೋಟೋಸ್ಕೋಪ್’ ಆತನ ಕಲ್ಪನೆ. 1917ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ವಿದೂಷಕನ ವೇಷ ತೊಟ್ಟು ಕುಣಿದವನು ತಮ್ಮ ಡೇವ್. ಅದರಿಂದ ಹುಟ್ಟಿದವನು, ಮಸಿಕುಡಿಕೆಯಿಂದ ಜಿಗಿದು ಬರುವ ಕೋಕೋ. 1924ರಲ್ಲಿ ಪ್ರಾರಂಭವಾದ ಹಾಡುಚಿತ್ರಗಳಲ್ಲಿ ತೆರೆಯ ಮೇಲಿನ ಪದಗಳ ನೆತ್ತಿಯಲ್ಲಿ ಪುಟಿಯುವ ಚೆಂಡು ಪ್ರೇಕ್ಷಕರೆಲ್ಲರನ್ನೂ ಗಾಯಕರನ್ನಾಗಿಸಿತು. ಬೆಟ್ಟಿ ಬೂಪ್ 1930ರಲ್ಲಿ ಬಂದಳು. 1933ರಲ್ಲಿ ನಾವಿಕ ಪಾಪೈ ತೆರೆಯೇರಿದನು.

ಕೀರ್ತಿಯ ಜೊತೆಗೆ ಕಲಹವೂ ಬಂದಿತು. 1937ರಲ್ಲಿ ನೌಕರರು ವೇತನಕ್ಕಾಗಿ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಮರುವರ್ಷ ಫ್ಲೈಷರನು ಚಿತ್ರಶಾಲೆಯನ್ನು ಮಯಾಮಿಗೆ ಸಾಗಿಸಿದನು. ಅದಕ್ಕೆ ಆ ಮುಷ್ಕರವೂ ಒಂದು ಕಾರಣ. 1939ರಲ್ಲಿ ಗಲಿವರನ ಕಥೆ ತೆರೆಕಂಡಿತು. ಆ ವೇಳೆಗೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತುಹೋಗುತ್ತಿತ್ತು. ಖರ್ಚಿನ ಹಣವೆಲ್ಲ ವಿತರಕರಾದ ಪ್ಯಾರಮೌಂಟ್ ಸಂಸ್ಥೆಯದು.

ಇಂಥ ಹೊತ್ತಿನಲ್ಲಿ ಡೇವನ ನಿರ್ದೇಶನದಲ್ಲಿ ಸಿದ್ಧವಾದುದು ಹುಳುಗಳ ಚಿತ್ರ. ನ್ಯೂಯಾರ್ಕಿನ ಬ್ರಾಡ್‌ವೇ ಪಕ್ಕದ ಹಿತ್ತಿಲೊಂದರಲ್ಲಿ ಹುಳುಗಳ ಊರು. ಬೇಲಿ ಮುರಿದಿದೆ; ದಾರಿಹೋಕರ ಪಾದ ಅವುಗಳ ಮನೆಗಳ ಮೇಲೆ ಬೀಳುತ್ತದೆ. ಹಾಪಿಟಿ ಎಂಬ ಮಿಡತೆ ಜನರಿಗೆ ಹೊಸ ನೆಲೆ ಹುಡುಕುತ್ತಾನೆ. ಜೇನುಗನ್ನೆ ಹನಿಯನ್ನು ಬಯಸುವ ಧನಿಕ ಜೀರುಂಡೆ ಅಡ್ಡಬರುತ್ತಾನೆ. ಮನೆಯೊಡೆಯನಾದ ಬಡ ಗೀತರಚಕನಿಗೆ ಬಂದ ಹಣದ ಚೆಕ್ಕನ್ನು ಜೀರುಂಡೆ ಬಚ್ಚಿಡುತ್ತಾನೆ; ಮನೆ ಕೈಬಿಡುತ್ತದೆ; ಅಲ್ಲಿ ಮುಗಿಲೆತ್ತರದ ಕಟ್ಟಡವೇಳುತ್ತದೆ. ಹುಳುಗಳು ಪ್ರಾಣವನ್ನು ಕೈಯಲ್ಲಿ ಹಿಡಿದು ಉಕ್ಕಿನ ಕಂಬಗಳ ನಡುವೆ ಮೇಲೇರಿ, ತುದಿಯಲ್ಲಿ ಹೂದೋಟವನ್ನು ಕಾಣುತ್ತವೆ.

ಆದರೆ ಚಿತ್ರಕಾರನಿಗೆ ಅಂಥ ತೋಟ ದೊರೆಯಲಿಲ್ಲ. 1941ರ ಡಿಸೆಂಬರಿನಲ್ಲಿ ಪರ್ಲ್ ಬಂದರಿನ ಮೇಲೆ ಬಾಂಬು ಬಿದ್ದು ದೇಶ ಯುದ್ಧಕ್ಕಿಳಿಯಿತು. ಚಿತ್ರ ಸೋತಿತು. ಚಿತ್ರಶಾಲೆ ಪ್ಯಾರಮೌಂಟಿನ ವಶವಾಗಿ, 1942ರಲ್ಲಿ ಬೇರೆ ಹೆಸರನ್ನೇ ತಳೆಯಿತು. ಸೋದರರಿಬ್ಬರೂ ಹೊರಗಾದರು. ಮುಂದೆ ಹಳೆಯ ಚಿತ್ರಗಳಿಂದ ತನ್ನ ಹೆಸರನ್ನು ತೆಗೆದುದಕ್ಕಾಗಿ ಫ್ಲೈಷರನು ನ್ಯಾಯಾಲಯದ ಮೆಟ್ಟಿಲೇರಿದನು, ಫಲ ದೊರೆಯಲಿಲ್ಲ. ಚಲಚ್ಚಿತ್ರರಂಗದ ವೃದ್ಧರಿಗಾಗಿ ಕ್ಯಾಲಿಫೋರ್ನಿಯದಲ್ಲಿರುವ ಆಶ್ರಯಧಾಮದಲ್ಲಿ ಕೊನೆಯ ದಿನಗಳನ್ನು ಕಳೆದು, 1972ರಲ್ಲಿ ಕಣ್ಮುಚ್ಚಿದನು.

ಮಕ್ಕಳು ಈ ಚಿತ್ರದಲ್ಲಿ ಮಿಡತೆಯ ಗೆಲುವನ್ನು ನೋಡಿ ನಲಿಯುತ್ತಾರೆ. ನಲಿಯಲಿ, ಅದು ಅವರ ಹಕ್ಕು. ಬೆಳೆದ ನಾವಾದರೋ, ತನ್ನ ಮನೆಯ ಅಡಿಪಾಯ ಕುಸಿಯುತ್ತಿದ್ದಾಗಲೂ ಹುಳುಗಳಿಗೆ ಮುಗಿಲಿನಲ್ಲೊಂದು ಮನೆ ಕಟ್ಟಿಕೊಟ್ಟವನ ದೊಡ್ಡ ಮನಸ್ಸನ್ನು ನೆನೆದು ಒಂದು ಗಳಿಗೆ ಮೌನವಾಗುತ್ತೇವೆ.