ಕಡಲಿಗೆ ಒಡ್ಡು ಕಟ್ಟಿದ ಕಾರ್ನೆಲಿಸ್ ಲೆಲಿ

ಭೂಮಿಯ ತಾಪಮಾನ ಏರಿದಂತೆ ಸಮುದ್ರಮಟ್ಟವೂ ಏರುತ್ತಿದೆ. ಕರಾವಳಿಯ ನಾಡುಗಳು ಇದನ್ನು ಎದುರಿಸುವುದು ಹೇಗೆಂಬ ಚರ್ಚೆಯಲ್ಲಿ ನೆದರ್‌ಲೆಂಡ್ಸ್‌ನ ಉದಾಹರಣೆ ಮತ್ತೆ ಮತ್ತೆ ಬರುತ್ತದೆ. ಆ ದೇಶದ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅದನ್ನು ಕಾಪಾಡಿದವರಲ್ಲಿ ಎಂಜಿನಿಯರ್ ಕಾರ್ನೆಲಿಸ್ ಲೆಲಿ ಪ್ರಮುಖರು.

ಲೆಲಿ ಜನಿಸಿದ್ದು 1854ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಡೆಲ್ಫ್ಟ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1875ರಲ್ಲಿ ತೇರ್ಗಡೆಯಾದರು. ಆಗ ದೇಶದ ಒಡಲೊಳಗೆ ಚಾಚಿಕೊಂಡಿದ್ದ ಜೈಡರ್‌ಜೀ ಎಂಬ ಕೊಲ್ಲಿ, ಬಿರುಗಾಳಿ ಬೀಸಿದಾಗ ಸುತ್ತಲಿನ ಊರುಗಳಿಗೆ ನುಗ್ಗುತ್ತಿತ್ತು. ಅದರ ಬಾಯಿಗೆ ಒಡ್ಡು ಕಟ್ಟಿ, ಒಳಗಿನ ಕೆಲಭಾಗವನ್ನು ಬತ್ತಿಸಿ ಕೃಷಿಭೂಮಿ ಪಡೆಯುವ ಯೋಜನೆಯನ್ನು ಅವರು 1891ರಲ್ಲಿ ಸಿದ್ಧಪಡಿಸಿದರು. ಅದೇ ವರ್ಷ ಜಲವ್ಯವಹಾರದ ಸಚಿವರೂ ಆದರು.

ಅಧಿಕಾರ ಕೈಯಲ್ಲಿದ್ದರೂ ಯೋಜನೆ ಕಾಗದದಲ್ಲೇ ಉಳಿಯಿತು. ವೆಚ್ಚ ಅತಿಯಾಯಿತೆಂದು ಕೆಲವರು, ಜೀವನೋಪಾಯ ಹೋಗುವುದೆಂದು ಮೀನುಗಾರರು ವಿರೋಧಿಸಿದರು. 1897ರಲ್ಲಿ ಮತ್ತೆ ಸಚಿವರಾಗಿ, 1901ರಲ್ಲಿ ಮಸೂದೆ ಮಂಡಿಸಿದರೂ ಸರ್ಕಾರ ಬದಲಾಗಿ ಅದು ಬಿದ್ದುಹೋಯಿತು. 1902ರಿಂದ 1905ರವರೆಗೆ ಲೆಲಿ ಸುರಿನಾಮ್‌ನ ಗವರ್ನರ್ ಆಗಿದ್ದರು.

1913ರಲ್ಲಿ ಮೂರನೆಯ ಬಾರಿ ಸಚಿವ ಪದವಿ ಬಂತು. 1916ರ ಜನವರಿಯ ಬಿರುಗಾಳಿಗೆ ಜೈಡರ್‌ಜೀ ದಡದ ಒಡ್ಡುಗಳು ಒಡೆದು ಊರುಗಳು ಮುಳುಗಿದವು. ಮಾರ್ಕೆನ್ ದ್ವೀಪದಲ್ಲಿ ಪ್ರಾಣಹಾನಿಯಾಯಿತು. ಮಹಾಯುದ್ಧ ಕಾಲದ ಆಹಾರದ ಅಭಾವವೂ ಸೇರಿ ಜನಾಭಿಪ್ರಾಯ ಬದಲಾಯಿತು. 1918ರ ಜೂನ್‌ನಲ್ಲಿ ಕಾಯ್ದೆ ಅಂಗೀಕಾರವಾಯಿತು. ಯೋಜನೆ ಸಿದ್ಧವಾಗಿ ಆಗಲೇ 27 ವರ್ಷ ಕಳೆದಿತ್ತು.

ಒಡ್ಡು ಕಟ್ಟಿದರೆ ಹೊರಗಿನ ತೀರದಲ್ಲಿ ಉಬ್ಬರ ಎಷ್ಟು ಏರೀತೆಂಬುದನ್ನು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಜ್ ನೇತೃತ್ವದ ಸಮಿತಿ ಲೆಕ್ಕ ಹಾಕಿ 1926ರಲ್ಲಿ ವರದಿ ನೀಡಿತು. ಕಸುಬು ಕಳೆದುಕೊಳ್ಳುವ ಮೀನುಗಾರರ ನೆರವಿಗೆ 1925ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. ಆದರೂ ಕೊಲ್ಲಿಯ ನೀರು ಸಿಹಿಯಾದಾಗ ಅವರ ಹಳೆಯ ಬದುಕು ಮರಳಲಿಲ್ಲ.

ಲೆಲಿ 1929ರ ಜನವರಿಯಲ್ಲಿ ತೀರಿಕೊಂಡರು. 32 ಕಿಲೋಮೀಟರ್ ಉದ್ದದ ಒಡ್ಡಿನ ಕೊನೆಯ ಕಂಡಿ ಮುಚ್ಚಿದ್ದು 1932ರ ಮೇ 28ರಂದು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1953ರ ಮಹಾಪ್ರವಾಹ ನೈರುತ್ಯ ಭಾಗದಲ್ಲಿ 1,800ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಜೈಡರ್‌ಜೀ ಸುತ್ತಲಿನ ನೆಲವನ್ನು ಈ ಒಡ್ಡು ಕಾಪಾಡಿತು. ಬತ್ತಿಸಿದ ನೆಲದಲ್ಲಿ ಎದ್ದ ಲೆಲಿಸ್ಟಾಡ್ ನಗರ ಅವರ ಹೆಸರನ್ನೇ ಹೊತ್ತಿದೆ.

ಏರುವ ಕಡಲನ್ನೂ ತೀವ್ರ ಬಿರುಗಾಳಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇದೇ ಒಡ್ಡನ್ನು ಬಲಪಡಿಸುವ ಕಾಮಗಾರಿ 2019ರಲ್ಲಿ ಆರಂಭವಾಯಿತು. ಅನಾಹುತಕ್ಕೆ ಮುನ್ನವೇ ಯೋಜನೆ ಸಿದ್ಧವಿದ್ದುದು ಲೆಲಿಯವರ ದೂರದೃಷ್ಟಿ. ಅದು ಜಾರಿಗೆ ಬರಲು ಅನಾಹುತವೇ ಬೇಕಾದದ್ದು ಕರಾವಳಿಯ ನಾಡುಗಳೆಲ್ಲ ನೆನಪಿಡಬೇಕಾದ ಸಂಗತಿ.