ಹುಂಡಿ ಮಾರಿ ಯುದ್ಧಕ್ಕೆ ಹಣ ತಂದ ಹೇಮ್ ಸಾಲೊಮನ್

ಅಮೆರಿಕದ ಸ್ವಾತಂತ್ರ್ಯ ಯುದ್ಧ ಎಂದ ಕೂಡಲೇ ನಮಗೆ ನೆನಪಾಗುವುದು ಜಾರ್ಜ್ ವಾಷಿಂಗ್ಟನ್. ಹೈಸ್ಕೂಲಿನಲ್ಲಿ ಬಾಸ್ಟನ್ ಟೀ ಪಾರ್ಟಿಯನ್ನೂ ಓದಿದ್ದೇವೆ. ಆದರೆ 1775ರಿಂದ 1783ರವರೆಗೆ ನಡೆದ ಆ ಯುದ್ಧಕ್ಕೆ ದುಡ್ಡು ಎಲ್ಲಿಂದ ಬಂತು? ಕಾಮರ್ಸ್ ಓದುವ ನನಗೆ ಮೊದಲು ಬಂದ ಪ್ರಶ್ನೆ ಇದೇ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಹೇಮ್ ಸಾಲೊಮನ್. ಅಮೆರಿಕದಲ್ಲಿ ಅವರ ಹೆಸರು ಪ್ರಸಿದ್ಧ, ನಮ್ಮಲ್ಲಿ ಕೇಳಿದವರು ಕಡಿಮೆ.

ಸಾಲೊಮನ್ ಹುಟ್ಟಿದ್ದು 1740ರಲ್ಲಿ, ಪೋಲೆಂಡಿನ ಲೆಶ್ನೊ ಊರಿನ ಯಹೂದಿ ಕುಟುಂಬದಲ್ಲಿ. ಯುರೋಪ್ ಸುತ್ತಿ ಹಲವು ಭಾಷೆಗಳನ್ನೂ ಹಣ ವಿನಿಮಯದ ವ್ಯವಹಾರವನ್ನೂ ಕಲಿತು 1775ರ ಸುಮಾರಿಗೆ ನ್ಯೂಯಾರ್ಕಿಗೆ ಬಂದರು. ಆಗ ಅಲ್ಲಿದ್ದ ಯಹೂದಿಗಳು ಬಹಳ ಕಡಿಮೆ ಮಂದಿ.

1776ರಲ್ಲಿ ಬ್ರಿಟಿಷರು ನ್ಯೂಯಾರ್ಕ್ ಹಿಡಿದಾಗ ಸಾಲೊಮನ್ ಅವರನ್ನು ಗೂಢಚಾರ ಎಂದು ಜೈಲಿಗೆ ಹಾಕಿದರು. ಅವರನ್ನು ಕಾಪಾಡಿದ್ದು ಭಾಷೆ. ಬ್ರಿಟಿಷರು ಜರ್ಮನಿಯಿಂದ ಬಾಡಿಗೆಗೆ ತಂದಿದ್ದ ಹೆಸ್ಸಿಯನ್ ಸೈನಿಕರ ಜೊತೆ ಮಾತನಾಡಲು ಜರ್ಮನ್ ಬಲ್ಲವರು ಬೇಕಾಗಿದ್ದರು. ಹಾಗಾಗಿ ಹೊರಗೆ ಬಿಟ್ಟರು. ಅವರು ಅದೇ ಜರ್ಮನ್‌ನಲ್ಲಿ ಆ ಸೈನಿಕರಿಗೆ ಸೈನ್ಯ ಬಿಟ್ಟು ಓಡಿಹೋಗಿ ಎಂದು ಹೇಳಿಕೊಡುತ್ತಿದ್ದರು! ಕೈದಿಗಳು ತಪ್ಪಿಸಿಕೊಳ್ಳಲೂ ನೆರವಾದರು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ನನ್ನಂಥವರಿಗೆ ಈ ಭಾಗ ಬಹಳ ಇಷ್ಟವಾಗುತ್ತದೆ.

1778ರ ಆಗಸ್ಟಿನಲ್ಲಿ ಬ್ರಿಟಿಷರು ಮತ್ತೆ ಬೆನ್ನಟ್ಟಿದರು. ಹೆಂಡತಿ ರೇಚಲ್, ಒಂದು ತಿಂಗಳೂ ತುಂಬದ ಮಗು, ಗಳಿಸಿದ ಆಸ್ತಿ ಎಲ್ಲವನ್ನೂ ಬಿಟ್ಟು ಫಿಲಡೆಲ್ಫಿಯಾಕ್ಕೆ ಓಡಿದರು. ಅಲ್ಲಿದ್ದ ಕಾಂಗ್ರೆಸ್‌ಗೆ ತಮ್ಮ ಸೇವೆ ವಿವರಿಸಿ ಒಂದು ಕೆಲಸ ಕೊಡಿ ಎಂದು ಅರ್ಜಿ ಬರೆದರು. ಕೆಲಸ ಸಿಗಲಿಲ್ಲ. ಸೊನ್ನೆಯಿಂದ ಮತ್ತೆ ದಲಾಲಿ ಶುರು ಮಾಡಿದರು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ಅದು ಅಚ್ಚು ಹಾಕಿದ ಕಾಗದದ ಡಾಲರು 1781ರ ಹೊತ್ತಿಗೆ ಬೆಲೆಯನ್ನೇ ಕಳೆದುಕೊಂಡಿತ್ತು. ಫ್ರಾನ್ಸ್ ಸಾಲ ಕೊಡಲು ಒಪ್ಪಿದರೂ ಹಣ ಇರುವುದು ಪ್ಯಾರಿಸ್‌ನಲ್ಲಿ, ಸೈನಿಕ ಹಸಿದಿರುವುದು ಅಮೆರಿಕದಲ್ಲಿ. ನಡುವೆ ಸಮುದ್ರ, ಸಮುದ್ರದಲ್ಲಿ ಬ್ರಿಟಿಷ್ ಹಡಗು. ಆಗ ಹಣಕಾಸಿನ ಮುಖ್ಯಸ್ಥರಾಗಿದ್ದ ರಾಬರ್ಟ್ ಮಾರಿಸ್ ಪ್ಯಾರಿಸ್‌ನ ಬ್ಯಾಂಕರ್ ಮೇಲೆ ಬಿಲ್ ಆಫ್ ಎಕ್ಸ್‌ಚೇಂಜ್, ಅಂದರೆ ನಮ್ಮ ಹುಂಡಿಯಂಥದ್ದು, ಬರೆಯುತ್ತಿದ್ದರು. ಯುರೋಪಿನಿಂದ ಮಾಲು ತರಿಸುವ ವ್ಯಾಪಾರಿಗೆ ಅಲ್ಲಿ ಹಣ ಕಟ್ಟಬೇಕಲ್ಲವೇ? ಅವನು ಬಿಲ್ ಕೊಂಡು ಇಲ್ಲಿ ನಗದು ಕೊಡುತ್ತಾನೆ. ಅಂಥ ವ್ಯಾಪಾರಿಯನ್ನು ಹುಡುಕಿ, ದರ ಬೀಳದಂತೆ ಮಾರುವುದು ಸಾಲೊಮನ್ ಕೆಲಸ. ಬಿಲ್ಲಿನ ಮೇಲೆ ಅವರ ಎಂಡೋರ್ಸ್‌ಮೆಂಟ್ ಇದ್ದರೆ ಜನ ಧೈರ್ಯವಾಗಿ ಕೊಳ್ಳುತ್ತಿದ್ದರು. ಅದು ತಿರಸ್ಕೃತವಾದರೆ ಹೊಣೆ ಅವರದೇ ಎಂಬುದು ನಮ್ಮ ಅಕೌಂಟೆನ್ಸಿ ಪಾಠದಲ್ಲೇ ಇದೆ. 1782ರಲ್ಲಿ ಹಣಕಾಸು ಕಚೇರಿಯ ದಲಾಲ ಎಂದು ಹೇಳಿಕೊಳ್ಳಲು ಮಾರಿಸ್ ಅವರಿಗೆ ಅನುಮತಿ ಕೊಟ್ಟರು.

ದಲಾಲ ಎನ್ನುವುದನ್ನು ನಮ್ಮಲ್ಲಿ ಬೈಗುಳದಂತೆ ಬಳಸುತ್ತಾರೆ. ನನ್ನ ಅಬ್ಬಾ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಆದ್ದರಿಂದ ಆ ಮಾತು ನನಗೆ ಚುಚ್ಚುತ್ತದೆ. ರೈತ ಮಾಲು ಇಳಿಸುವುದು ಕೊಳ್ಳುವವನ ಮುಖ ನೋಡಿ ಅಲ್ಲ, ಮಂಡಿಯ ಹೆಸರು ನೋಡಿ ಎಂದು ಅಬ್ಬಾ ಹೇಳುತ್ತಾರೆ. ಫಿಲಡೆಲ್ಫಿಯಾದಲ್ಲೂ ನಡೆದದ್ದು ಅದೇ.

ಕಾಂಗ್ರೆಸ್ ಸದಸ್ಯ ಜೇಮ್ಸ್ ಮ್ಯಾಡಿಸನ್ ಅವರಿಗೆ ಊರಿನಿಂದ ಸಂಬಳ ಬರದೆ ಊಟ ವಸತಿಗೇ ಕಷ್ಟವಾದಾಗ ಸಾಲೊಮನ್ ಹಣ ಕೊಟ್ಟರು, ಬಡ್ಡಿ ಬೇಡವೆಂದರು. ನಮ್ಮ ಮನೆಗಳಲ್ಲಿ ಇದಕ್ಕೆ ಕರ್ಜೆ ಹಸನಾ ಎನ್ನುತ್ತೇವೆ. ಆ ಮ್ಯಾಡಿಸನ್ ಮುಂದೆ ಅಮೆರಿಕದ ನಾಲ್ಕನೇ ಅಧ್ಯಕ್ಷರಾದರು.

ಆದರೆ ಸಾಲೊಮನ್ ಇದ್ದ ಪೆನ್ಸಿಲ್ವೇನಿಯಾದಲ್ಲಿ ಶಾಸನ ಸಭೆಗೆ ಹೋಗುವವರು ಹೊಸ ಒಡಂಬಡಿಕೆಯನ್ನು ಒಪ್ಪಿ ಪ್ರಮಾಣ ಮಾಡಬೇಕಿತ್ತು. ಯಹೂದಿಗಳು ಅದನ್ನು ಹೇಗೆ ಮಾಡುತ್ತಾರೆ? ಯುದ್ಧ ಮುಗಿದ 1783ರಲ್ಲೇ ಸಾಲೊಮನ್ ಮತ್ತು ಸಮುದಾಯದ ಇತರರು ಆ ನಿಯಮ ತೆಗೆಯಿರಿ ಎಂದು ಮನವಿ ಕೊಟ್ಟರು. ನಿಯಮ ಬದಲಾದದ್ದು 1790ರ ಸಂವಿಧಾನದಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 1785ರ ಜನವರಿ 6ರಂದು ಕ್ಷಯದಿಂದ ತೀರಿಕೊಂಡಿದ್ದರು.

ಅವರ ಆಸ್ತಿಯ ಪಟ್ಟಿಯಲ್ಲಿ ಮುಖಬೆಲೆ ಮೂರೂವರೆ ಲಕ್ಷ ಡಾಲರಿಗೂ ಹೆಚ್ಚಿನ ಸರ್ಕಾರಿ ಪತ್ರಗಳಿದ್ದವು. ಮಾರುಕಟ್ಟೆ ಬೆಲೆ ಕಟ್ಟಿದರೆ ಸಾಲ ತೀರಿಸಲೂ ಸಾಲದು. ಅವರು ತಮ್ಮ ಸ್ವಂತ ಲಕ್ಷಗಳನ್ನು ದಾನ ಮಾಡಿದರು ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಏಜೆಂಟನ ಕೈಯಲ್ಲಿ ಹಾದುಹೋದ ಹಣವನ್ನು ಅವನ ಬಂಡವಾಳ ಎಂದು ಬರೆದರೆ ನಮ್ಮ ಮೇಡಂ ಮಾರ್ಕ್ಸ್ ಕೊಡುವುದಿಲ್ಲ. ಅವರು ಹಾಕಿದ್ದು ತಮ್ಮ ಹೆಸರನ್ನು, ಮತ್ತು ಸರ್ಕಾರದ ಕಾಗದವನ್ನು ನಂಬಿ ಇಟ್ಟುಕೊಂಡರು. ಮಕ್ಕಳು ಮೊಮ್ಮಕ್ಕಳು ಕಾಂಗ್ರೆಸ್‌ಗೆ ದಶಕಗಳ ಕಾಲ ಅರ್ಜಿ ಹಾಕಿದರೂ ಹಣ ಬರಲಿಲ್ಲ.

1975ರಲ್ಲಿ ಅಮೆರಿಕ ಈ ಯುದ್ಧದಲ್ಲಿ ಮರೆತುಹೋದವರಿಗಾಗಿ ಅಂಚೆಚೀಟಿಗಳನ್ನು ತಂದಿತು. ಕಪ್ಪು ಸೈನಿಕ ಸೇಲಂ ಪೂರ್, ಸಿಬಿಲ್ ಲುಡಿಂಗ್ಟನ್ ಎಂಬ ಹುಡುಗಿ, ಇವರ ಜೊತೆ ಸಾಲೊಮನ್ ಕೂಡ ಇದ್ದಾರೆ, ಮೇಜಿನ ಮುಂದೆ ಕುಳಿತಂತೆ. ಅವರ ಚೀಟಿಯ ಬೆಲೆ ಹತ್ತು ಸೆಂಟ್. ಅವರು ಏನು ಮಾಡಿದರು ಎಂಬುದನ್ನು ಚೀಟಿಯ ಹಿಂಬದಿಯಲ್ಲಿ, ಅಂಟಿನ ಮೇಲೆ, ಅಚ್ಚು ಹಾಕಿದ್ದಾರೆ.